ಲೀನಿಯರ್ ಜೋಡಿಸಿದೆ, ಪವರ್ ಬರುತ್ತಿಲ್ಲ: ದೋಷ ಹುಡುಕುವ ದಾರಿ

ಹ್ಯಾಮ್ ರೇಡಿಯೋದ ಟ್ರಾನ್ಸೀವರ್ (ಕಳಿಸುವ, ಕೇಳುವ ಎರಡೂ ಕೆಲಸ ಮಾಡುವ ಸೆಟ್, ಅಂದರೆ ರಿಗ್) ಒಂದೇ ಇದ್ದಾಗ ಎಲ್ಲ ಚೆನ್ನಾಗಿತ್ತು. ಪಕ್ಕದಲ್ಲಿ ಪವರ್ ಹೆಚ್ಚಿಸುವ ಆಂಪ್ಲಿಫೈಯರ್, ಅಂದರೆ ಲೀನಿಯರ್, ತಂದಿಟ್ಟು ಜೋಡಿಸಿದಿರಿ. ಈಗ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿದರೆ ಮೊದಲಿದ್ದ 100 ವ್ಯಾಟೇ ಹೋಗುತ್ತಿದೆ. ಇಲ್ಲವೇ ಆಂಪ್ಲಿಫೈಯರ್‌ನ ಕೆಂಪು ದೀಪ ಹತ್ತಿಕೊಂಡು ಕೂತುಬಿಡುತ್ತದೆ. ಇಲ್ಲವೇ ಪವರ್ ಹೋಗುತ್ತದೆ, ಆದರೆ ಕಂಪ್ಯೂಟರ್‌ನ ಮೌಸ್ ಸತ್ತುಹೋಗುತ್ತದೆ.

ನನ್ನ ಮೊದಲ ಲೀನಿಯರ್ ಜೋಡಿಸಿದ ಸಂಜೆ ನನಗೂ ಹೀಗೇ ಆಯಿತು. ಪಿಟಿಟಿ ಒತ್ತಿದರೆ ಒಳಗೆ ರಿಲೇ (ಆಂಟೆನಾದ ದಾರಿ ಬದಲಿಸುವ ವಿದ್ಯುತ್ ಸ್ವಿಚ್) ಅಲುಗಾಡಲೇ ಇಲ್ಲ. ಟ್ಯೂಬ್ ಮೇಲೆ ಅನುಮಾನ ಪಟ್ಟೆ. ಆಮೇಲೆ ಬಯಾಸ್ (ಟ್ಯೂಬ್‌ನ ಸ್ಥಿರ ಕರೆಂಟ್ ಹೊಂದಿಸುವ ವೋಲ್ಟೇಜ್) ಮೇಲೆ. ಮುಚ್ಚಳ ಬಿಚ್ಚಿ ಅರ್ಧ ರಾತ್ರಿಯವರೆಗೆ ಕೂತೆ. ಬೆಳಿಗ್ಗೆ ಮೇಜು ಮುಂದಕ್ಕೆ ಎಳೆದು ಟಾರ್ಚ್ ಬಿಟ್ಟು ನೋಡಿದರೆ, ರಿಲೇಗೆ ಹೋಗಬೇಕಾದ ಆರ್‌ಸಿಎ ಪ್ಲಗ್ (ಆಡಿಯೋ ಕೇಬಲ್‌ನಲ್ಲಿರುವಂಥದ್ದು) ಎಎಲ್‌ಸಿ ಸಾಕೆಟ್‌ನಲ್ಲಿ (ರಿಗ್ಗಿಗೆ ಪವರ್ ಇಳಿಸು ಎನ್ನುವ ವೈರ್‌ನದ್ದು) ಕೂತಿತ್ತು. ಎರಡೂ ಒಂದೇ ಥರದ ಸಾಕೆಟ್, ನಡುವೆ ಒಂದು ಬೆರಳಗಲ ಜಾಗ. ಹಿಂದಿನಿಂದ ಕೈ ಹಾಕಿ ಕುರುಡಾಗಿ ಚುಚ್ಚಿದ್ದೆ, ಅಷ್ಟೇ.

ಆಮೇಲೆ ಬೇರೆಯವರ ಸೆಟ್‌ಗಳನ್ನು ನೋಡುವಾಗಲೂ ಇದೇ ಅನುಭವ. ದೋಷ ಸಾಮಾನ್ಯವಾಗಿ ರಿಗ್ಗಿನ ಒಳಗೂ ಇರುವುದಿಲ್ಲ, ಆಂಪ್ಲಿಫೈಯರ್‌ನ ಒಳಗೂ ಇರುವುದಿಲ್ಲ. ಎರಡರ ನಡುವಿನ ಮೂರು ವೈರ್‌ಗಳಲ್ಲಿ ಇರುತ್ತದೆ, ಇಲ್ಲವೇ ಒಂದು ಮೆನುವಿನಲ್ಲಿ. ಅದಕ್ಕೇ ಕೆಳಗಿನ ಪರೀಕ್ಷೆಗಳಲ್ಲಿ ಒಂದನ್ನು ಬಿಟ್ಟು ಯಾವುದಕ್ಕೂ ಮುಚ್ಚಳ ಬಿಚ್ಚಬೇಕಿಲ್ಲ.

ಮುಚ್ಚಳದ ಬಗ್ಗೆ ಒಂದು ಮಾತು

ಟ್ಯೂಬ್ ಲೀನಿಯರ್‌ನಲ್ಲಿ ಪ್ಲೇಟ್ ವೋಲ್ಟೇಜ್ ಸಾಮಾನ್ಯವಾಗಿ 2000ದಿಂದ 3500 ವೋಲ್ಟ್‌ವರೆಗೆ ಇರುತ್ತದೆ. ಅದರ ಹಿಂದೆ ದಪ್ಪ ಕೆಪಾಸಿಟರ್‌ಗಳ ಸಾಲೇ ಇದೆ. ಮುಟ್ಟಿದರೆ ಶಾಕ್ ಹೊಡೆದು ಬಿಡುವ ವಿಷಯ ಅಲ್ಲ, ಪ್ರಾಣ ಹೋಗುತ್ತದೆ. ಸ್ವಿಚ್ ಆಫ್ ಮಾಡಿದರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಇಳಿಸಬೇಕಾದ ಬ್ಲೀಡರ್ ರೆಸಿಸ್ಟರ್ ಸುಟ್ಟುಹೋಗಿದ್ದರೆ ಎಷ್ಟು ಹೊತ್ತಾದರೂ ಇಳಿಯುವುದಿಲ್ಲ.

ತೆರೆಯಲೇಬೇಕಾದರೆ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲೆ ಇಡಿ. ಕೆಲವು ನಿಮಿಷ ಕಾಯಿರಿ. ಪ್ಲೇಟ್ ವೋಲ್ಟೇಜ್ ಮೀಟರ್ ಸೊನ್ನೆಗೆ ಬಂತಾ ನೋಡಿ. ಆಮೇಲೆ ಉದ್ದ ಇನ್ಸುಲೇಟೆಡ್ ಹಿಡಿಯ ಗ್ರೌಂಡಿಂಗ್ ಕೋಲಿನಿಂದ ಹೈ ವೋಲ್ಟೇಜ್ ಲೈನನ್ನು ಚಾಸಿಗೆ ಮುಟ್ಟಿಸಿ, ಕೆಲಸ ಮುಗಿಯುವವರೆಗೆ ಹಾಗೇ ಬಿಡಿ. ಮುಚ್ಚಳದ ಇಂಟರ್‌ಲಾಕ್ ಸ್ವಿಚ್ಚನ್ನು ಟೇಪ್ ಸುತ್ತಿ ಮೋಸ ಮಾಡುವ ಅಭ್ಯಾಸ ಕೆಲವರಿಗಿದೆ. ಬೇಡ. ಇದಿಷ್ಟೂ ಓದಿ ಸ್ವಲ್ಪ ಹೆದರಿಕೆ ಆಯಿತು ಅಂದರೆ ಒಳ್ಳೆಯದೇ. ಅಭ್ಯಾಸ ಇರುವ ಹ್ಯಾಮ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಟ್ಯೂಬ್ ಬದಲು ಎಲ್‌ಡಿಮಾಸ್ ಟ್ರಾನ್ಸಿಸ್ಟರ್ ಇರುವ ಸಾಲಿಡ್ ಸ್ಟೇಟ್ ಆಂಪ್ಲಿಫೈಯರ್‌ನಲ್ಲಿ ಸಾಮಾನ್ಯವಾಗಿ 50 ವೋಲ್ಟ್ ಆಸುಪಾಸು ಮಾತ್ರ ಇರುತ್ತದೆ. ಆದರೂ ಹೊರಗೆ ಬರುವ ಆರ್‌ಎಫ್ (ರೇಡಿಯೋ ತರಂಗದ ಶಕ್ತಿ) ಚರ್ಮ ಸುಡುತ್ತದೆ. 1000 ವ್ಯಾಟ್ ಅಂದರೆ 50 ಓಮ್ ಕೋಆಕ್ಸ್‌ನಲ್ಲಿ (ಆಂಟೆನಾ ಕೇಬಲ್) ಸುಮಾರು 224 ವೋಲ್ಟ್, ನಾಲ್ಕೂವರೆ ಆಂಪಿಯರ್.

ಬೇಕಾದ ಸಾಮಾನು

ಒಂದು ಮಲ್ಟಿಮೀಟರ್. ಆಂಪ್ಲಿಫೈಯರ್‌ನ ಪವರ್ ತಡೆಯುವ ಡಮ್ಮಿ ಲೋಡ್, ಅಂದರೆ ಆಂಟೆನಾ ಬದಲು ಪವರನ್ನು ಬಿಸಿಯಾಗಿ ನುಂಗುವ ರೆಸಿಸ್ಟರ್. ಒಂದು ಪವರ್ ಮತ್ತು ಎಸ್‌ಡಬ್ಲ್ಯುಆರ್ ಮೀಟರ್ (ಎಸ್‌ಡಬ್ಲ್ಯುಆರ್ ಏರಿದಷ್ಟೂ ಪವರ್ ವಾಪಸ್ ಬರುತ್ತಿದೆ ಎಂದು ಅರ್ಥ). ಚೆನ್ನಾಗಿದೆ ಎಂದು ಖಾತ್ರಿ ಇರುವ ಎರಡು ಕೋಆಕ್ಸ್ ತುಂಡು. ಕೋಆಕ್ಸ್ ತುದಿಯ ಎರಡು ಪಿಎಲ್-259 ಪ್ಲಗ್‌ಗಳನ್ನು ಒಂದಕ್ಕೊಂದು ಸೇರಿಸುವ ಬ್ಯಾರಲ್ ಕನೆಕ್ಟರ್. ಮತ್ತೆ ಒಂದು ಕಡೆ ಆರ್‌ಸಿಎ ಪ್ಲಗ್, ಇನ್ನೊಂದು ಕಡೆ ಬರೀ ವೈರ್ ಇರುವ ಒಂದು ಗಿಡ್ಡ ಕೇಬಲ್. ಈ ಕೊನೆಯದೇ ಇದ್ದುದರಲ್ಲಿ ಅಗ್ಗದ ಸಾಮಾನು, ಕೆಲಸಕ್ಕೆ ಬರುವುದೂ ಅದೇ ಜಾಸ್ತಿ.

ಡಮ್ಮಿ ಲೋಡ್ ಇಲ್ಲದೆ ಆಂಟೆನಾ ಮೇಲೇ ಪರೀಕ್ಷೆ ಮಾಡಿದರೆ ದೋಷ ಆಂಟೆನಾದ್ದೋ ಆಂಪ್ಲಿಫೈಯರ್‌ದೋ ಗೊತ್ತಾಗುವುದಿಲ್ಲ. ಬ್ಯಾಂಡ್‌ನಲ್ಲಿ ಬೇರೆಯವರಿಗೆ ತೊಂದರೆ ಬೇರೆ.

ಮೊದಲು ಲೀನಿಯರ್ ಇಲ್ಲದೆ, ಆಮೇಲೆ ಲೀನಿಯರ್ ಆಫ್ ಇಟ್ಟು

ರಿಗ್ಗನ್ನು ನೇರವಾಗಿ ಮೀಟರ್‌ಗೆ, ಮೀಟರನ್ನು ಡಮ್ಮಿ ಲೋಡ್‌ಗೆ ಜೋಡಿಸಿ. ರಿಗ್ಗಿನ ಒಳಗಿನ ಆಂಟೆನಾ ಟ್ಯೂನರ್ (ಆಂಟೆನಾವನ್ನು ರಿಗ್ಗಿಗೆ ಹೊಂದಿಸುವ ಭಾಗ) ಆಫ್ ಮಾಡಿ. ಪೂರ್ತಿ ಪವರ್ ಬರುತ್ತದಾ, ಎಸ್‌ಡಬ್ಲ್ಯುಆರ್ 1ರ ಹತ್ತಿರ ಇದೆಯಾ ನೋಡಿಕೊಳ್ಳಿ. ಇಲ್ಲೇ ತಪ್ಪಿದ್ದರೆ ಲೀನಿಯರನ್ನು ದೂರಿ ಪ್ರಯೋಜನವಿಲ್ಲ.

ಈಗ ಲೀನಿಯರನ್ನು ನಡುವೆ ಸೇರಿಸಿ, ಆದರೆ ಅದರ ಮೇನ್ ಸ್ವಿಚ್ ಆಫ್ ಇರಲಿ. ರಿಗ್ಗಿನ ಆಂಟೆನಾ ಸಾಕೆಟ್‌ನಿಂದ ಆಂಪ್ಲಿಫೈಯರ್‌ನ ಇನ್‌ಪುಟ್‌ಗೆ ಒಂದು ಕೋಆಕ್ಸ್, ಔಟ್‌ಪುಟ್‌ನಿಂದ ಮೀಟರ್‌ಗೆ ಇನ್ನೊಂದು. ಆಫ್ ಇದ್ದಾಗ ಆಂಪ್ಲಿಫೈಯರ್ ಬರೀ ಒಂದು ವೈರ್ ತುಂಡಿನ ಹಾಗೆ ಇರಬೇಕು. ಮೀಟರ್ ಓದು ಮೊದಲಿನದ್ದೇ ಬಂದರೆ ಕೋಆಕ್ಸ್ ದಾರಿ ಸರಿ. ಬರದಿದ್ದರೆ ಮೂರೇ ಅನುಮಾನ: ಕೋಆಕ್ಸ್ ತುಂಡು, ಪ್ಲಗ್‌ನ ಬೆಸುಗೆ, ಆಂಪ್ಲಿಫೈಯರ್‌ನ ಒಳಗಿನ ರಿಲೇ. ಇನ್‌ಪುಟ್ ಔಟ್‌ಪುಟ್ ಅದಲು ಬದಲಾಗಿದ್ದರೆ ಈ ಹಂತದಲ್ಲಿ ಗೊತ್ತಾಗುವುದಿಲ್ಲ, ಯಾಕೆಂದರೆ ಬರೀ ವೈರ್‌ಗೆ ಹಿಂದು ಮುಂದು ಇಲ್ಲ. ಅದನ್ನು ಬೆನ್ನಿನ ಮೇಲಿನ ಅಕ್ಷರ ಓದಿಯೇ ಖಾತ್ರಿ ಮಾಡಿಕೊಳ್ಳಬೇಕು.

ಪವರ್ ಹೋಗುತ್ತದೆ, ಆದರೆ ಕೇಳಿಸುವುದು ಕಡಿಮೆಯಾಗಿದೆ ಎನ್ನುವ ದೂರೂ ಉಂಟು. ಸಿಗ್ನಲ್ ತಟ್ಟನೆ ಕುಸಿಯುತ್ತದೆ. ಒಮ್ಮೆ ಪಿಟಿಟಿ ಒತ್ತಿ ಬಿಟ್ಟರೆ ಮತ್ತೆ ಜೀವ ಬರುತ್ತದೆ. ಇದು ರಿಲೇ ಕಾಂಟ್ಯಾಕ್ಟ್ ಕೊಳೆಯಾಗಿರುವುದರ ಖಚಿತ ಗುರುತು. ಟ್ರಾನ್ಸ್‌ಮಿಟ್ ಮಾಡುವಾಗಿನ ಪವರ್ ತೆಳು ಕೊಳೆಯ ಪೊರೆಯನ್ನು ಸೀಳಿಕೊಂಡು ಹೋಗುತ್ತದೆ. ಆಂಟೆನಾದಿಂದ ಬರುವ ಮೈಕ್ರೋವೋಲ್ಟ್‌ಗಳಿಗೆ ಆ ಶಕ್ತಿ ಇಲ್ಲ. ಆಂಟೆನಾ ಜೋಡಿಸಿಕೊಂಡು, ಆಂಪ್ಲಿಫೈಯರ್ ತೆಗೆದು, ಎರಡು ಕೋಆಕ್ಸ್‌ಗಳನ್ನು ಬ್ಯಾರಲ್‌ನಿಂದ ಸೇರಿಸಿ ಕೇಳಿ. ಎಸ್ ಮೀಟರ್ (ಬರುವ ಸಿಗ್ನಲ್‌ನ ಬಲ ತೋರಿಸುವುದು) ಎದ್ದು ನಿಂತರೆ ರಿಲೇಯೇ ಕಳ್ಳ.

ಮುಚ್ಚಳ ಬಿಚ್ಚಬೇಕಾದ ಆ ಒಂದು ಕೆಲಸ ಇದೇ. ತೆರೆದ ಮಾದರಿಯ ರಿಲೇ ಆದರೆ ವಿಸಿಟಿಂಗ್ ಕಾರ್ಡ್‌ನಂಥ ದಪ್ಪ ಕಾಗದವನ್ನು ಬೆರಳಗಲ ಪಟ್ಟಿ ಕತ್ತರಿಸಿ. ತುದಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ. ಎರಡು ಕಾಂಟ್ಯಾಕ್ಟ್‌ಗಳ ನಡುವೆ ತೂರಿಸಿ, ಬೆರಳಿನಿಂದ ರಿಲೇಯನ್ನು ಮೆಲ್ಲಗೆ ಒತ್ತಿ ಹಿಡಿದು, ಪಟ್ಟಿಯನ್ನು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಬರುವುದು ನಿಲ್ಲುವವರೆಗೆ ಹೊಸ ಹೊಸ ಜಾಗದಿಂದ ಎಳೆಯುತ್ತಿರಿ. ಉಪ್ಪು ಕಾಗದ, ಅರ ಎರಡೂ ಬೇಡ. ಬೆಳ್ಳಿಯ ಲೇಪ ಹೋದರೆ ರಿಲೇಯನ್ನೇ ಬದಲಿಸಬೇಕು.

ಕ್ಲಿಕ್ ಸದ್ದು ಬರುತ್ತಿಲ್ಲ

ಇದೇ ಎಲ್ಲಕ್ಕಿಂತ ಹೆಚ್ಚು ಬರುವ ದೂರು. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ.

ರಿಗ್ ಟ್ರಾನ್ಸ್‌ಮಿಟ್‌ಗೆ ಹೋದಾಗ ಅದರ ಬೆನ್ನಿನ ಒಂದು ಪಿನ್ ಗ್ರೌಂಡ್ ಆಗುತ್ತದೆ. ರಿಗ್ ತಯಾರಿಸುವ ಕಂಪನಿಗಳಲ್ಲಿ ಐಕಾಮ್ ಅದನ್ನು ಸೆಂಡ್ ಎನ್ನುತ್ತದೆ, ಯೇಸು (Yaesu) ಟಿಎಕ್ಸ್ ಗ್ರೌಂಡ್ ಎನ್ನುತ್ತದೆ, ಕೆನ್‌ವುಡ್‌ನಲ್ಲಿ ರಿಮೋಟ್ ಎನ್ನುವ ಸಾಕೆಟ್‌ನ ಒಳಗಿರುತ್ತದೆ. ಆಂಪ್ಲಿಫೈಯರ್ ಕಡೆ ರಿಲೇ ಅಥವಾ ಕೀ ಎಂದು ಬರೆದಿರುತ್ತದೆ. ಆ ಪಿನ್ ಗ್ರೌಂಡ್ ಆದ ಕೂಡಲೇ ಆಂಪ್ಲಿಫೈಯರ್‌ನ ರಿಲೇ ಎಳೆದುಕೊಂಡು ಟಕ್ ಎನ್ನಬೇಕು. ನಡುವೆ ಇರುವುದು ಒಂದೇ ವೈರ್. ಅದನ್ನು ನಡುವಿಗೆ ಕತ್ತರಿಸಿದ ಹಾಗೆ ಎರಡು ಪಾಲು ಮಾಡಿ ಪರೀಕ್ಷಿಸಬೇಕು.

ಮೊದಲು ಆಂಪ್ಲಿಫೈಯರ್ ಪಾಲು. ರಿಗ್ಗಿನ ವೈರ್ ಕಿತ್ತುಹಾಕಿ. ಕೋಆಕ್ಸ್ ಹಾಗೇ ಇರಲಿ, ಡ್ರೈವ್ (ರಿಗ್ಗಿನಿಂದ ಆಂಪ್ಲಿಫೈಯರ್‌ಗೆ ಹೋಗುವ ಪವರ್) ಬೇಡ. ಆಂಪ್ಲಿಫೈಯರ್ ಆನ್ ಮಾಡಿ, ಬಿಸಿಯಾಗಲು ಬಿಡಿ, ಆಪರೇಟ್‌ಗೆ ಹಾಕಿ. ಈಗ ಆ ಗಿಡ್ಡ ಕೇಬಲ್‌ನ ಪ್ಲಗ್ಗನ್ನು ರಿಲೇ ಸಾಕೆಟ್‌ಗೆ ಚುಚ್ಚಿ, ಬರೀ ವೈರ್ ತುದಿಗಳ ನಡುವೆ ಮಲ್ಟಿಮೀಟರ್ ಇಟ್ಟು ಡಿಸಿ ವೋಲ್ಟೇಜ್ ಅಳೆಯಿರಿ. ತುದಿಗಳಿಗೆ ಬೆರಳು ತಗಲಿಸಬೇಡಿ. ಈಗಿನ ಆಂಪ್ಲಿಫೈಯರ್ ಆದರೆ 5, 12 ಅಥವಾ 24 ವೋಲ್ಟ್ ಕಾಣುತ್ತದೆ. ಹಳೆಯದಾದರೆ ಕಣ್ಣು ಅಗಲವಾಗಬಹುದು. ಹೀತ್‌ಕಿಟ್ ಎಸ್‌ಬಿ-220ರಲ್ಲಿ ಈ ಲೈನ್ ಮೇಲೆ ಸುಮಾರು 120 ವೋಲ್ಟ್ ಕೂತಿರುತ್ತದೆ. ಅದಕ್ಕಿಂತ ಸಣ್ಣದಾದ ಎಸ್‌ಬಿ-200ರಲ್ಲೂ 100 ದಾಟುತ್ತದೆ, ಅದೂ ಮೈನಸ್ ಕಡೆಗೆ.

ಅಳತೆಯಾದ ಮೇಲೆ, 30 ವೋಲ್ಟ್‌ಗಿಂತ ಕಡಿಮೆ ಇದ್ದರೆ, ಆ ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ. ವೋಲ್ಟೇಜ್ ಜಾಸ್ತಿ ಇದ್ದರೆ ಬರಿಗೈಯಲ್ಲಿ ಬೇಡ, ಇನ್ಸುಲೇಟೆಡ್ ಸ್ವಿಚ್ ಒಂದನ್ನು ಸೇರಿಸಿಕೊಳ್ಳಿ. ಟಕ್ ಎಂದರೆ ಆಂಪ್ಲಿಫೈಯರ್ ಪಾಲು ಪಾಸ್. ಎನ್ನದಿದ್ದರೆ ಆಪರೇಟ್ ಸ್ವಿಚ್ ನಿಜವಾಗಿ ಆಪರೇಟ್‌ನಲ್ಲಿದೆಯಾ ನೋಡಿ. ಬಿಸಿಯಾಗುವ ಸಮಯ ಮುಗಿಯಿತಾ ನೋಡಿ. 3ಸಿಎಕ್ಸ್800ಎ7, 3ಸಿಎಕ್ಸ್1500ಎ7ನಂಥ ಟ್ಯೂಬ್‌ಗಳಿಗೆ 3 ನಿಮಿಷ ಬೇಕು, ಅಲ್ಲಿಯವರೆಗೆ ಟೈಮರ್ ಕೀ ಮಾಡಲು (ರಿಲೇ ಎಳೆಸಲು) ಬಿಡುವುದಿಲ್ಲ. 3-500ಝಡ್ ಆದರೆ ದೀಪ ಹತ್ತಿದ ಹಾಗೆ ಕೂಡಲೇ ಸಿದ್ಧ. ಎಷ್ಟೋ ಜನ ಎರಡನೇ ನಿಮಿಷಕ್ಕೇ ತಾಳ್ಮೆ ಕಳೆದುಕೊಂಡು ಸಮಸ್ಯೆ ಇದೆ ಅಂದುಕೊಳ್ಳುತ್ತಾರೆ.

ಈಗ ರಿಗ್ ಪಾಲು. ರಿಗ್ಗಿನಿಂದ ಬರುವ ಕೀಯಿಂಗ್ ಕೇಬಲ್‌ನ ಇನ್ನೊಂದು ತುದಿ ಆಂಪ್ಲಿಫೈಯರ್‌ಗೆ ಸೇರಿಸಬೇಡಿ. ಅದರ ನಡುಪಿನ್ ಮತ್ತು ಹೊರಕವಚದ ನಡುವೆ ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಡಿ. ರಿಗ್ಗಿನ ಪವರ್ ಕನಿಷ್ಠಕ್ಕೆ ಇಳಿಸಿ, ಡಮ್ಮಿ ಲೋಡ್ ಇದೆ ಎಂದು ನೋಡಿಕೊಂಡು ಪಿಟಿಟಿ ಒತ್ತಿ. ಬೀಪ್ ಬರಬೇಕು, ಬಿಟ್ಟರೆ ನಿಲ್ಲಬೇಕು. ಕೆಲವು ರಿಗ್‌ಗಳಲ್ಲಿ ರಿಲೇ ಬದಲು ಟ್ರಾನ್ಸಿಸ್ಟರ್ ಇರುತ್ತದೆ, ಆಗ ಮೀಟರ್‌ನ ಕೆಂಪು ವೈರ್ ನಡುಪಿನ್‌ಗೇ ಇರಬೇಕು. ಹಾಗಿದ್ದೂ ಬೀಪ್ ಬರದೆ ಹೋಗಬಹುದು, ಡಯೋಡ್ ಸ್ಥಾನದಲ್ಲಿ ಅಳೆದರೆ ಗೊತ್ತಾಗುತ್ತದೆ.

ಬೀಪ್ ಇಲ್ಲವೇ ಇಲ್ಲ ಎಂದರೆ ಮೆನು ತೆರೆಯಿರಿ. ಕೆನ್‌ವುಡ್‌ನ ಕೆಲವು ರಿಗ್‌ಗಳಲ್ಲಿ ಲೀನಿಯರ್‌ಗೆಂದೇ ಇರುವ ರಿಲೇಯನ್ನು ಮೆನುವಿನಲ್ಲಿ ಆನ್ ಮಾಡಬೇಕು. ಯಾಕೆ ಆಫ್ ಇಟ್ಟಿದ್ದಾರೆ ಅಂದರೆ ಆ ರಿಲೇಯ ಟಕಟಕ ಸದ್ದು ಲೀನಿಯರ್ ಇಲ್ಲದವರಿಗೆ ಕಿರಿಕಿರಿ. ಮೆನು ಸರಿ ಇದ್ದರೆ ಪ್ಲಗ್‌ನ ಬೆಸುಗೆ ನೋಡಿ. ಅಂಟಿಸಿದ ಸಿದ್ಧ ಆಡಿಯೋ ಕೇಬಲ್‌ಗಳಲ್ಲಿ ಒಳಗೆ ಶೀಲ್ಡ್ ಕಿತ್ತುಹೋಗಿದ್ದರೂ ಹೊರಗೆ ಕಾಣುವುದಿಲ್ಲ. ಶೀಲ್ಡ್ ಕಿತ್ತುಹೋದ ಕೇಬಲ್ ಒಂದು ಮಜಾ ತೋರಿಸುತ್ತದೆ: ಕೋಆಕ್ಸ್ ಪ್ಲಗ್ ಬಿಗಿಯಾಗಿದ್ದಾಗ ಕೆಲಸ ಮಾಡುತ್ತದೆ, ಸಡಿಲವಾದರೆ ನಿಲ್ಲುತ್ತದೆ. ಕೀಯಿಂಗ್‌ಗೆ ಬೇಕಾದ ಗ್ರೌಂಡ್ ಕೋಆಕ್ಸ್‌ನ ಹೊರಕವಚದಿಂದ ಸುತ್ತಿ ಬರುತ್ತಿರುತ್ತದೆ, ಅಷ್ಟೇ.

ಎರಡು ಪಾಲೂ ಪಾಸ್ ಆದವು ಎಂದು ಕೂಡಲೇ ಜೋಡಿಸಬೇಡಿ. ಅಳೆದ ವೋಲ್ಟೇಜನ್ನು ರಿಗ್ಗಿನ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯ ಜೊತೆ ಹೋಲಿಸಿ. ಐಕಾಮ್ ಐಸಿ-7300ರ ಸೆಂಡ್ ಸಾಕೆಟ್ ತಡೆಯುವುದು 16 ವೋಲ್ಟ್, ಅರ್ಧ ಆಂಪಿಯರ್ ಮಾತ್ರ. ಅದಕ್ಕೆ ಎಸ್‌ಬಿ-220 ನೇರವಾಗಿ ಜೋಡಿಸಿದರೆ ಗತಿ ಏನು ಎಂದು ಹೇಳಬೇಕಿಲ್ಲ. ವೋಲ್ಟೇಜ್ ಮಿತಿಯೊಳಗಿದ್ದರೂ ಇನ್ನೊಂದು ಅಪಾಯ ಇದೆ. ರಿಲೇ ಕಾಯಿಲ್ ಬಿಡುವಾಗ ಹಿಂದಕ್ಕೆ ಒದೆಯುತ್ತದೆ. 24 ವೋಲ್ಟ್‌ನ ಕಾಯಿಲ್‌ನಿಂದ ಒಂದು ಕ್ಷಣ ನೂರಾರು ವೋಲ್ಟ್ ಎದ್ದೇಳಬಹುದು. ಕಾಯಿಲ್‌ಗೆ ಅಡ್ಡಲಾಗಿ ಉಲ್ಟಾ ಡಯೋಡ್ ಇದೆಯಾ ಖಾತ್ರಿ ಮಾಡಿಕೊಳ್ಳಿ. ಹಳೆಯ ಲೀನಿಯರ್ ಇದ್ದವರು ನಡುವೆ ಕೀಯಿಂಗ್ ಬಫರ್ ಹಾಕಿಕೊಳ್ಳುವುದು ಒಳ್ಳೆಯದು. ರಿಗ್ಗಿನಿಂದ ಕೆಲವೇ ಮಿಲಿಆಂಪಿಯರ್ ಎಳೆದು, ಹೈ ವೋಲ್ಟೇಜನ್ನು ತಾನು ಹೊರುವ ಸಣ್ಣ ಸರ್ಕ್ಯೂಟ್ ಅದು. ಮೈನಸ್ ವೋಲ್ಟೇಜ್ ಇರುವ ಎಸ್‌ಬಿ-200ಗೆ ಎಲ್ಲ ಬಫರ್‌ಗಳೂ ಆಗುವುದಿಲ್ಲ, ನೋಡಿ ಆರಿಸಿ.

ಟಕ್ ಎನ್ನುತ್ತದೆ, ಪವರ್ ಮಾತ್ರ ಇಲ್ಲ

ಇಲ್ಲಿ ಆಂಪ್ಲಿಫೈಯರ್‌ನ ಮುಖದ ಮೇಲಿನ ಮೀಟರೇ ಎಲ್ಲ ಹೇಳುತ್ತದೆ. ಸುಮ್ನೆ ಔಟ್‌ಪುಟ್ ಪವರ್ ನೋಡುತ್ತಾ ಕೂರಬೇಡಿ, ಪ್ಲೇಟ್ ಕರೆಂಟ್ ನೋಡಿ. ಸಾಲಿಡ್ ಸ್ಟೇಟ್ ಆದರೆ ಡ್ರೈನ್ ಕರೆಂಟ್.

ರಿಗ್ಗನ್ನು ಎಸ್‌ಎಸ್‌ಬಿಗೆ (ಮಾತಾಡುವ ಮೋಡ್) ಹಾಕಿ, ಮೈಕ್ ಗೇನ್ ಸೊನ್ನೆ ಮಾಡಿ, ಪಿಟಿಟಿ ಒತ್ತಿ. ಮಾತಾಡಬೇಡಿ. ಡ್ರೈವ್ ಇಲ್ಲದಿದ್ದರೂ ಸ್ವಲ್ಪ ಕರೆಂಟ್ ಕಾಣಬೇಕು. ಇದೇ ಐಡಲ್ ಕರೆಂಟ್, ಎಷ್ಟಿರಬೇಕು ಎಂದು ಕೈಪಿಡಿಯಲ್ಲಿ ಇರುತ್ತದೆ. ಸೊನ್ನೆ ಇದ್ದರೆ ಬಯಾಸ್, ಹೈ ವೋಲ್ಟೇಜ್ ಅಥವಾ ಟ್ಯೂಬ್‌ನ ತೊಂದರೆ. ದೋಷ ನಿಜವಾಗಿ ಒಳಗಿದೆ.

ಐಡಲ್ ಸರಿ ಇದೆ, ಆದರೆ ಡ್ರೈವ್ ಕೊಟ್ಟರೂ ಮುಳ್ಳು ಮೇಲೇಳುತ್ತಿಲ್ಲ. ಹಾಗಾದರೆ ಡ್ರೈವ್ ಒಳಗೆ ತಲುಪುತ್ತಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ಅಪರಾಧಿ ರಿಗ್ಗಿನ ಒಳಗಿನ ಟ್ಯೂನರ್. ಆಂಪ್ಲಿಫೈಯರ್ ಸ್ಟ್ಯಾಂಡ್‌ಬೈನಲ್ಲಿದ್ದಾಗ ನೀವು ಟ್ಯೂನ್ ಮಾಡಿರುತ್ತೀರಿ. ಟ್ಯೂನರ್ ಆಗ ನೋಡಿ ಕಲಿತದ್ದು ಆಂಟೆನಾವನ್ನು. ಆಪರೇಟ್‌ಗೆ ಹೋದ ಕೂಡಲೇ ಎದುರಿಗೆ ಇರುವುದು ಆಂಪ್ಲಿಫೈಯರ್‌ನ ಇನ್‌ಪುಟ್, ಅದು ಬೇರೆಯೇ. ಅಳತೆ ತಪ್ಪಿದ ಅಂಗಿ ಹಾಕಿದ ಹಾಗೆ. ಎಸ್‌ಡಬ್ಲ್ಯುಆರ್ ಏರುತ್ತದೆ, ರಿಗ್ ತನ್ನನ್ನು ಕಾಪಾಡಿಕೊಳ್ಳಲು ಪವರ್ ಇಳಿಸುತ್ತದೆ. ಲೀನಿಯರ್ ಇರುವಾಗ ಒಳಗಿನ ಟ್ಯೂನರ್ ಆಫ್. ಟ್ಯೂನರ್ ಬೇಕೇ ಬೇಕಾದರೆ ಆಂಪ್ಲಿಫೈಯರ್ ಆದ ಮೇಲೆ, ಪೂರ್ತಿ ಪವರ್ ತಡೆಯುವಂಥದ್ದು ಇರಬೇಕು.

ಎರಡನೆಯ ಅಪರಾಧಿ ಎಎಲ್‌ಸಿ ವೈರ್. ಆಂಪ್ಲಿಫೈಯರ್ ಈ ವೈರ್ ಮೂಲಕ ಮೈನಸ್ ವೋಲ್ಟೇಜ್ ಕಳಿಸಿ ರಿಗ್ಗಿಗೆ ‘ಸಾಕು, ಇಳಿಸು’ ಎನ್ನುತ್ತದೆ. ಐಸಿ-7300ಗೆ 0ಯಿಂದ ಮೈನಸ್ 4 ವೋಲ್ಟ್‌ವರೆಗೆ. ಬೇರೆ ರಿಗ್‌ಗಳಿಗೆ ಬೇರೆ. ಆಂಪ್ಲಿಫೈಯರ್‌ನ ಬೆನ್ನಿನ ಎಎಲ್‌ಸಿ ತಿರುಗುಣಿ ಪೂರ್ತಿ ಒಂದು ಕಡೆಗಿದ್ದರೆ ರಿಗ್ ಐದೋ ಹತ್ತೋ ವ್ಯಾಟ್‌ಗೆ ಕಟ್ಟಿಹಾಕಿದ ಹಾಗಾಗುತ್ತದೆ. ಪರೀಕ್ಷೆ ಸುಲಭ: ಪವರ್ ಕಡಿಮೆ ಇಟ್ಟು, ಎಎಲ್‌ಸಿ ವೈರ್ ಕಿತ್ತು, ಮತ್ತೆ ನೋಡಿ. ನಾನಂತೂ ಡ್ರೈವ್ ಹೊಂದಿಸಲು ಎಎಲ್‌ಸಿ ಬಳಸುವುದಿಲ್ಲ. ರಿಗ್ಗಿನ ಪವರ್ ತಿರುಗುಣಿಯಿಂದಲೇ ಹೊಂದಿಸುತ್ತೇನೆ. ಎಎಲ್‌ಸಿ ಇದ್ದರೆ ಕಾವಲಿಗೆ ಮಾತ್ರ.

ಇನ್ನು ಮೂರನೆಯ ಸ್ಥಿತಿ. ಪ್ಲೇಟ್ ಕರೆಂಟ್ ಏರುತ್ತದೆ, ಔಟ್‌ಪುಟ್ ಮಾತ್ರ ಬರುತ್ತಿಲ್ಲ. ತಕ್ಷಣ ಪಿಟಿಟಿ ಬಿಡಿ. ಆ ಶಕ್ತಿ ಎಲ್ಲಿಗೋ ಹೋಗಲೇಬೇಕಲ್ವಾ, ಅದು ಟ್ಯೂಬ್‌ನ ಮೈಯಲ್ಲೇ ಬಿಸಿಯಾಗುತ್ತಿದೆ. ಟ್ಯೂನ್ ಮತ್ತು ಲೋಡ್ ತಿರುಗುಣಿಗಳು ಆ ಬ್ಯಾಂಡ್‌ಗೆ ಹೊಂದಿಲ್ಲ, ಇಲ್ಲವೇ ಬ್ಯಾಂಡ್ ಸ್ವಿಚ್ ಬೇರೆ ಕಡೆಗಿದೆ, ಇಲ್ಲವೇ ಔಟ್‌ಪುಟ್ ರಿಲೇ ಮುಚ್ಚುತ್ತಿಲ್ಲ. ಗ್ರಿಡ್ ಕರೆಂಟ್ ಜಾಸ್ತಿ, ಪ್ಲೇಟ್ ಕರೆಂಟ್ ಕಡಿಮೆ ಇದ್ದರೆ ಲೋಡಿಂಗ್ ಹಗುರವಾಗಿದೆ ಎಂದು ಅರ್ಥ. ಲೋಡ್ ಕೆಪಾಸಿಟರನ್ನು ಇನ್ನಷ್ಟು ತೆರೆದು ಮತ್ತೆ ಟ್ಯೂನ್ ಮಾಡಿ. 3-500ಝಡ್‌ನ ಪ್ಲೇಟ್ ಕೆಲಸ ಮಾಡುವಾಗ ಮಂಕು ಕೆಂಪಾಗುವುದು ಸಹಜ, ಅದಕ್ಕೆ ಗಾಬರಿ ಬೇಡ.

ಕೆಂಪು ದೀಪ ಹತ್ತಿ ಟ್ರಿಪ್ ಆಗುತ್ತದೆ

ಟ್ರಿಪ್ ಆಗುವುದು ಯಾವ ಮೋಡ್‌ನಲ್ಲಿ ಎಂದು ಮೊದಲು ಬರೆದುಕೊಳ್ಳಿ. ಈ ಸುಳಿವನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಎಫ್‌ಟಿ8ನಲ್ಲಿ (ಕಂಪ್ಯೂಟರ್ ಕಳಿಸುವ ಡಿಜಿಟಲ್ ಮೋಡ್) ತೊಂದರೆ ಇಲ್ಲ, ಸಿಡಬ್ಲ್ಯುನಲ್ಲಿ (ಮೋರ್ಸ್) ಮೊದಲ ಡಿಟ್‌ಗೇ, ಅಂದರೆ ಚುಕ್ಕೆಗೇ, ಟ್ರಿಪ್ ಆಗುತ್ತದೆ. ಹಾಗಿದ್ದರೆ ದೋಷ ಸಮಯದ್ದು. ತೆರೆದ ಮಾದರಿಯ ದೊಡ್ಡ ರಿಲೇ ಮುಚ್ಚಿಕೊಂಡು ಸ್ಥಿರವಾಗಲು 15ರಿಂದ 30 ಮಿಲಿಸೆಕೆಂಡ್ ಬೇಕು. ವ್ಯಾಕ್ಯೂಮ್ ರಿಲೇ ಆದರೆ ಕೆಲವೇ ಮಿಲಿಸೆಕೆಂಡ್. ಸಿಡಬ್ಲ್ಯುನಲ್ಲಿ ಕೀ ಒತ್ತಿದ ಬೆನ್ನಿಗೇ ಆರ್‌ಎಫ್ ಹೊರಡುತ್ತದೆ. ರಿಲೇಯ ನಾಲಗೆ ಇನ್ನೂ ಗಾಳಿಯಲ್ಲಿದೆ, ಆರ್‌ಎಫ್ ಬಂದು ಬಾಗಿಲಲ್ಲಿ ನಿಂತಿದೆ. ಒಂದು ಕ್ಷಣ ರಿಗ್ಗಿಗೂ ಆಂಪ್ಲಿಫೈಯರ್‌ಗೂ ಎದುರಿಗೆ ಏನೂ ಇಲ್ಲ. ಕಾಂಟ್ಯಾಕ್ಟ್‌ನಲ್ಲಿ ಕಿಡಿ, ಮೀಟರ್‌ನಲ್ಲಿ ಎಸ್‌ಡಬ್ಲ್ಯುಆರ್ ಜಿಗಿತ, ಟ್ರಿಪ್. ಎಫ್‌ಟಿ8ನ ಡಬ್ಲ್ಯುಎಸ್‌ಜೆಟಿ-ಎಕ್ಸ್ ತಂತ್ರಾಂಶ ಪಿಟಿಟಿ ಕೊಟ್ಟು 0.2 ಸೆಕೆಂಡ್ ಕಾದು ಆಮೇಲೆ ಧ್ವನಿ ಕಳಿಸುತ್ತದೆ. ಎಸ್‌ಎಸ್‌ಬಿಯಲ್ಲಿ ನೀವು ಪಿಟಿಟಿ ಒತ್ತಿ ಬಾಯಿ ತೆರೆಯುವಷ್ಟರಲ್ಲಿ ರಿಲೇ ಮುಚ್ಚಿರುತ್ತದೆ. ಅದಕ್ಕೇ ಅವೆರಡರಲ್ಲಿ ದೋಷ ಅಡಗಿಕೊಳ್ಳುತ್ತದೆ.

ಪರಿಹಾರ ರಿಗ್ಗಿನ ಮೆನುವಿನಲ್ಲಿದೆ. ಟಿಎಕ್ಸ್ ಡಿಲೇ ಹುಡುಕಿ. ಐಸಿ-7300ರಲ್ಲಿ 10ರಿಂದ 30 ಮಿಲಿಸೆಕೆಂಡ್‌ವರೆಗೆ ಕೊಡಬಹುದು. ಜಾಸ್ತಿಯಿಂದ ಶುರು ಮಾಡಿ. ಫುಲ್ ಬ್ರೇಕ್-ಇನ್ (ಪ್ರತಿ ಡಿಟ್‌ನ ನಡುವೆಯೂ ರಿಸೀವ್‌ಗೆ ಬರುವುದು) ಆಫ್ ಮಾಡಿ ಸೆಮಿ ಬ್ರೇಕ್-ಇನ್ ಇಡಿ, ಇಲ್ಲದಿದ್ದರೆ ನಿಧಾನದ ರಿಲೇ ಪ್ರತಿ ಡಿಟ್‌ಗೂ ಕುಣಿಯುತ್ತದೆ.

ಡಿಲೇ ಕೊಟ್ಟರೂ ಮೊದಲ ಕ್ಷಣದಲ್ಲೇ ಟ್ರಿಪ್ ಆಗುತ್ತಿದ್ದರೆ ಓವರ್‌ಶೂಟ್ ಅನುಮಾನಿಸಿ. ಪವರ್ 30 ವ್ಯಾಟ್‌ಗೆ ಇಟ್ಟಿರುತ್ತೀರಿ. ಆದರೆ ಕೆಲವು ರಿಗ್‌ಗಳ ಒಳಗಿನ ಎಎಲ್‌ಸಿ ಎಚ್ಚರವಾಗುವ ಮೊದಲ ಕೆಲವು ಮಿಲಿಸೆಕೆಂಡ್ 100 ವ್ಯಾಟ್ ಹೊರಗೆ ಹಾರುತ್ತದೆ. ಸಾಮಾನ್ಯ ಮೀಟರ್‌ನ ಮುಳ್ಳಿಗೆ ಅದನ್ನು ತೋರಿಸುವಷ್ಟು ವೇಗವಿಲ್ಲ, ಆಸಿಲೋಸ್ಕೋಪ್ ಬೇಕು. ಟ್ಯೂಬ್ ಇದನ್ನು ನುಂಗಿಕೊಳ್ಳುತ್ತದೆ. ಎಲ್‌ಡಿಮಾಸ್‌ನ ಗೇಟ್ ನುಂಗಿಕೊಳ್ಳುವುದಿಲ್ಲ, ಟ್ರಿಪ್ ಆದದ್ದೇ ಪುಣ್ಯ ಅಂದುಕೊಳ್ಳಿ. ರಿಗ್ಗಿನ ಎಎಲ್‌ಸಿ ಪಿನ್‌ಗೆ ಸ್ಥಿರವಾದ ಮೈನಸ್ ವೋಲ್ಟೇಜ್ ಕೊಟ್ಟು ಮಿತಿ ಹಾಕುವುದು ಒಂದು ದಾರಿ. ಆಂಪ್ಲಿಫೈಯರ್‌ನ ಇನ್‌ಪುಟ್‌ನಲ್ಲಿ 3 ಡಿಬಿ ಅಟೆನ್ಯುಯೇಟರ್ ಹಾಕುವುದು ಇನ್ನೊಂದು. 100 ವ್ಯಾಟ್‌ನ ಜಿಗಿತ 50ಕ್ಕೆ ಇಳಿಯುತ್ತದೆ. ಆದರೆ ಅದು ಇನ್‌ಪುಟ್ ರಿಲೇಯ ನಂತರ ಇರಬೇಕು. ಹೊರಗೆ ಕೋಆಕ್ಸ್‌ನಲ್ಲಿ ಹಾಕಿದರೆ ಕೇಳಿಸುವ ಸಿಗ್ನಲ್ ಕೂಡ ಅರ್ಧವಾಗುತ್ತದೆ.

ಒಂದೇ ಬ್ಯಾಂಡ್‌ನಲ್ಲಿ ಮಾತ್ರ ಟ್ರಿಪ್ ಆಗುತ್ತಿದ್ದರೆ ಬ್ಯಾಂಡ್ ಡೇಟಾ ವೈರ್ (ರಿಗ್ ಯಾವ ಬ್ಯಾಂಡ್‌ನಲ್ಲಿದೆ ಎಂದು ಆಂಪ್ಲಿಫೈಯರ್‌ಗೆ ಹೇಳುವುದು) ನೋಡಿ. ರಿಗ್ 14 ಮೆಗಾಹರ್ಟ್ಸ್‌ನಲ್ಲಿದೆ, ಆಂಪ್ಲಿಫೈಯರ್ 7ರ ಫಿಲ್ಟರ್‌ನಲ್ಲೇ ಉಳಿದಿದೆ ಎಂದರೆ ಫಿಲ್ಟರ್ ಪವರನ್ನು ಹೊರಗೆ ಬಿಡದೆ ಹಿಂದಕ್ಕೆ ತಳ್ಳುತ್ತದೆ. ಯೇಸು ಬಿಸಿಡಿ ಸಂಕೇತದಲ್ಲಿ ಬ್ಯಾಂಡ್ ಹೇಳುತ್ತದೆ, ಐಕಾಮ್ ಸಿಐ-ವಿ (ತನ್ನದೇ ಡೇಟಾ ಲೈನ್) ಅಥವಾ ಒಂದು ಅನಲಾಗ್ ವೋಲ್ಟೇಜ್‌ನಲ್ಲಿ. ಆಂಪ್ಲಿಫೈಯರ್‌ನ ಸೆಟಿಂಗ್‌ನಲ್ಲಿ ಸರಿಯಾದ ರಿಗ್ ಆರಿಸಿಲ್ಲ ಎಂದರೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ. ಕೈಯಿಂದ ಬ್ಯಾಂಡ್ ಬದಲಿಸಿ ನೋಡಿ, ಗೊತ್ತಾಗುತ್ತದೆ.

ಪವರ್ ಬಂತು, ಹೊಸ ಕಾಟ ಶುರುವಾಯಿತು

ಧ್ವನಿ ಗೊರಗೊರ ಎನ್ನುತ್ತದೆ, ಯುಎಸ್‌ಬಿ ಕಡಿದುಹೋಗುತ್ತದೆ, ಪಿಟಿಟಿ ಬಿಟ್ಟರೂ ರಿಗ್ ಟ್ರಾನ್ಸ್‌ಮಿಟ್‌ನಲ್ಲೇ ಉಳಿಯುತ್ತದೆ. ಅದೇ ಪವರ್‌ನಲ್ಲಿ ಡಮ್ಮಿ ಲೋಡ್ ಹಾಕಿ ಮತ್ತೆ ಪ್ರಯತ್ನಿಸಿ. ಕಾಟ ಮಾಯವಾದರೆ ಆಂಟೆನಾದಿಂದ ಆರ್‌ಎಫ್ ಕೋಆಕ್ಸ್‌ನ ಹೊರಮೈ ಹಿಡಿದು ಕೋಣೆಗೆ ವಾಪಸ್ ಬರುತ್ತಿದೆ.

ಆಂಟೆನಾದ ಬುಡದಲ್ಲಿ ಮತ್ತು ಕೋಆಕ್ಸ್ ಕೋಣೆಯೊಳಗೆ ಬರುವಲ್ಲಿ ಚೋಕ್ (ಹೊರಮೈಯ ಆರ್‌ಎಫ್ ತಡೆಯುವ ಫೆರೈಟ್ ಸುತ್ತು) ಹಾಕಿ. ಕೆಳಗಿನ ಬ್ಯಾಂಡ್‌ಗಳಿಗೆ 31ನೇ ಮಿಕ್ಸ್ ಫೆರೈಟ್ ಒಳ್ಳೆಯದು. ಒಂದೇ ಮಣಿ ಸಿಕ್ಕಿಸಿ ಕೈ ತೊಳೆದುಕೊಳ್ಳಬೇಡಿ. ತಡೆ ಸುತ್ತುಗಳ ವರ್ಗದಷ್ಟು ಏರುತ್ತದೆ, ಅಂದರೆ ಮೂರು ಸುತ್ತಿಗೆ ಸುಮಾರು ಒಂಬತ್ತು ಪಟ್ಟು. ಯುಎಸ್‌ಬಿ, ಮೈಕ್, ಕೀಯಿಂಗ್ ವೈರ್‌ಗಳಿಗೂ ಸುತ್ತಿ. ರಿಗ್, ಆಂಪ್ಲಿಫೈಯರ್, ಪವರ್ ಸಪ್ಲೈಗಳ ಚಾಸಿಗಳನ್ನು ಗಿಡ್ಡ, ಅಗಲ ಬ್ರೇಡ್‌ನಿಂದ ಸೇರಿಸಿ.

ಡಮ್ಮಿ ಲೋಡ್‌ನಲ್ಲೂ ಲೀನಿಯರ್ ಮಾತ್ರ ಕೀ ಆಗಿಯೇ ಉಳಿಯುತ್ತಿದೆ, ರಿಗ್ ರಿಸೀವ್‌ಗೆ ಬಂದಿದೆ ಎಂದರೆ ಕೀಯಿಂಗ್ ವೈರ್ ಕಿತ್ತು ನೋಡಿ. ಬಿಟ್ಟುಕೊಂಡರೆ ರಿಗ್ಗಿನ ರಿಲೇ ಅಂಟಿಕೊಂಡಿದೆ ಅಥವಾ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆ. ಮೇಲೆ ಹೇಳಿದ 16 ವೋಲ್ಟ್‌ನ ಮಾತು ನೆನಪಿಸಿಕೊಳ್ಳಿ.

ಹತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಪವರ್ ಇಳಿದರೆ ಬಿಸಿ. ಎಫ್‌ಟಿ8ನಲ್ಲಿ ಪ್ರತಿ 15 ಸೆಕೆಂಡ್‌ನ ಸರದಿಯಲ್ಲಿ 12.64 ಸೆಕೆಂಡ್ ಪೂರ್ತಿ ಪವರ್ ನಿಂತಿರುತ್ತದೆ, ಮಾತಿನ ಹಾಗೆ ಏರಿಳಿತ ಇಲ್ಲ. ಪವರನ್ನು ಅರ್ಧಕ್ಕೆ ಇಳಿಸಿ. ಪ್ಲಗ್‌ಗಳನ್ನೂ, ಟ್ರಾನ್ಸ್‌ಮಿಟ್ ನಿಲ್ಲಿಸಿದ ಮೇಲೆ, ಮುಟ್ಟಿ ನೋಡಿ. 100 ವ್ಯಾಟ್‌ಗೆ ಒಂದೂವರೆ ಆಂಪಿಯರ್‌ಗೂ ಕಡಿಮೆ ಹರಿಯುತ್ತಿದ್ದ ಬೆಸುಗೆಯಲ್ಲಿ ಈಗ ನಾಲ್ಕೂವರೆ ಹರಿಯುತ್ತಿದೆ. ಬಿಸಿಯಾದದ್ದನ್ನು ಕತ್ತರಿಸಿ ಹೊಸದಾಗಿ ಬೆಸೆಯಿರಿ.

ಎಲ್ಲ ಸರಿಯಾದ ದಿನ ಒಂದು ಕಾರ್ಡ್ ತೆಗೆದುಕೊಳ್ಳಿ. ಪ್ರತಿ ಬ್ಯಾಂಡ್‌ಗೂ ಡ್ರೈವ್ ಎಷ್ಟು, ಐಡಲ್ ಎಷ್ಟು, ಪ್ಲೇಟ್ ಮತ್ತು ಗ್ರಿಡ್ ಕರೆಂಟ್ ಎಷ್ಟು, ಟ್ಯೂನ್ ಮತ್ತು ಲೋಡ್ ತಿರುಗುಣಿ ಯಾವ ಅಂಕಿಯ ಮೇಲೆ ಎಂದು ಬರೆದು ಆಂಪ್ಲಿಫೈಯರ್‌ನ ಪಕ್ಕಕ್ಕೆ ಅಂಟಿಸಿ. ನನ್ನ ಕಾರ್ಡ್‌ನ ಮೇಲ್ಗಡೆ ಇನ್ನೂ ಒಂದು ಸಾಲಿದೆ, ಕೆಂಪು ಇಂಕಿನಲ್ಲಿ: ರಿಲೇ ಎಡಗಡೆಯದು, ಎಎಲ್‌ಸಿ ಬಲಗಡೆಯದು.